ಚಿಕ್ಕಬಳ್ಳಾಪುರದಿಂದ ಉತ್ತರಾಖಂಡದ ಹೂಗಳ ಕಣಿವೆಗೆ ಯಾವ ತಿಂಗಳಲ್ಲಿ ಹೋಗಬೇಕು?

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ ಹೋಗಿ. ಮಳೆಗಾಲ ಅಂತ ಹಿಂಜರಿಯಬೇಡಿ, ಹೂ ಅರಳುವುದೇ ಆಗ. ರಾಷ್ಟ್ರೀಯ ಉದ್ಯಾನವಾಗಿರುವ ಈ ಕಣಿವೆ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ನಮ್ಮ ನಂದಿಬೆಟ್ಟ 1,478 ಮೀಟರ್ ಅಷ್ಟೇ ಅಲ್ವಾ? ವರ್ಷದ ಅರ್ಧದಷ್ಟು ಕಾಲ ಕಣಿವೆಯಲ್ಲಿ ಹಿಮ ಮುಚ್ಚಿರುತ್ತದೆ. ಅದು ಕರಗಿ ಮತ್ತೆ ಬೀಳುವಷ್ಟರಲ್ಲಿ ಗಿಡಗಳು ಚಿಗುರಿ, ಹೂ ಬಿಟ್ಟು, ಬೀಜ ಕಟ್ಟಬೇಕು. ಸಮಯ ಕಡಿಮೆ. ಅದಕ್ಕೇ ಎಷ್ಟೋ ಜಾತಿಯ ಹೂಗಳು ಒಟ್ಟೊಟ್ಟಿಗೇ ಅರಳುತ್ತವೆ.

ಅದೇ ಮಳೆಗೆ ಋಷಿಕೇಶದಿಂದ, ಕಣಿವೆಯ ದಾರಿ ಶುರುವಾಗುವ ಗೋವಿಂದಘಾಟ್‌ವರೆಗಿನ ರಸ್ತೆಯಲ್ಲಿ ಗುಡ್ಡ ಕುಸಿಯುತ್ತಿರುತ್ತದೆ. ವಾಪಸ್ ಟಿಕೆಟ್‌ಗೆ ಮುಂಚೆ ಎರಡು ದಿನ ಖಾಲಿ ಬಿಡಿ, ಇದನ್ನು ಮಾತ್ರ ಮರೆಯಬೇಡಿ. ಕಣಿವೆಯೊಳಗೆ ರಾತ್ರಿ ಉಳಿಯಲು ಬಿಡುವುದಿಲ್ಲ, ಹತ್ತಿರದ ಘಾಂಘರಿಯಾ ಊರಿನಲ್ಲಿ ತಂಗಬೇಕು. ಅಲ್ಲಿ ಒಂದು ದಿನ ಜಾಸ್ತಿ ಇದ್ದರೆ, ಮೊದಲ ದಿನ ಮಂಜು ಕವಿದಿದ್ದರೂ ಮರುದಿನ ಮತ್ತೆ ಒಳಗೆ ಹೋಗಬಹುದು.