ಮಲಗಲು ಕೋಣೆ, ಆದರೆ ಮನೆಯವರಿಗಲ್ಲ

ಪ್ರಶ್ನೆ: ಇಂಗ್ಲೆಂಡಿನ ಡರ್ಬಿಷೈರ್‌ನಲ್ಲಿರುವ ಕೆಡ್ಲ್‌ಸ್ಟನ್ ಹಾಲ್ ನೋಡಿ ಬಂದೆವು. ಅಷ್ಟು ದೊಡ್ಡ ಕೋಣೆಗಳಲ್ಲಿ ಯಾರೂ ವಾಸ ಮಾಡಿದ ಹಾಗೆ ಕಾಣಲಿಲ್ಲ. ಮನೆಯವರು ಎಲ್ಲಿರುತ್ತಿದ್ದರು? ಅಡುಗೆಮನೆ ಅಷ್ಟು ದೂರ ಯಾಕೆ? ಕಲ್ಕತ್ತೆಯ ರಾಜಭವನ ಇದರ ಹಾಗೇ ಇದೆ, ಅಲ್ವಾ?

ಉತ್ತರ: ನಿಮಗೆ ಅನಿಸಿದ್ದು ಸರಿ. ಆ ಕೋಣೆಗಳನ್ನು ದಿನನಿತ್ಯದ ಬದುಕಿಗೆ ಅಂತ ಕಟ್ಟಿಸಲೇ ಇಲ್ಲ. ಒಡೆಯ ನತಾನಿಯೆಲ್ ಕರ್ಜನ್ 1759ರಲ್ಲಿ ಈ ಮನೆಯ ಕೆಲಸ ಶುರು ಮಾಡಿಸಿದ. ಮುಂದೆ ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಅದನ್ನು ವಹಿಸಿಕೊಂಡ. ನಡುವಿನ ಭವ್ಯ ಕಟ್ಟಡ ಅತಿಥಿಗಳಿಗೆ, ಔತಣಕ್ಕೆ, ಚಿತ್ರ-ಶಿಲ್ಪಗಳಿಗೆ. ಮನೆಯವರು ಇದ್ದದ್ದು ಒಂದು ಪಕ್ಕದ ಚಿಕ್ಕ ಕಟ್ಟಡದಲ್ಲಿ. ಇನ್ನೊಂದು ಪಕ್ಕದ ಕಟ್ಟಡ ಅಡುಗೆಗೆ.

ಹಾಗಾದರೆ ಅಲ್ಲಿನ ಭವ್ಯ ಮಲಗುವ ಕೋಣೆಯಲ್ಲಿ ತಾಳೆಮರದಂತೆ ಕೆತ್ತಿದ ಆ ಮಂಚ ಯಾರಿಗೆ? ತೀರಾ ದೊಡ್ಡವರು ಬಂದರೆ ಇರಲಿ ಅಂತ. ಚಾಟ್ಸ್‌ವರ್ತ್ ಅನ್ನುವ ಇನ್ನೊಂದು ದೊಡ್ಡ ಮನೆಯಲ್ಲಿ ಅದರ ಒಡೆಯ, ಡೆವನ್‌ಷೈರ್‌ನ ಮೊದಲ ಡ್ಯೂಕ್, ರಾಜ ಮೂರನೇ ವಿಲಿಯಂ ಮತ್ತು ರಾಣಿ ಮೇರಿಗಾಗಿ ಕೋಣೆಗಳ ಸಾಲನ್ನೇ ಕಟ್ಟಿಸಿದ. ಅವರು ಬರಲೇ ಇಲ್ಲ! 17ನೇ ಶತಮಾನದ ಇಂಥ ಸಾಲಿನಲ್ಲಿ ಒಂದೊಂದು ಬಾಗಿಲು ದಾಟಿದಂತೆ ಜನ ಕಡಿಮೆಯಾಗುತ್ತಿದ್ದರು. ದೊಡ್ಡ ಸಭಾಕೋಣೆ, ಅದರಾಚೆ ಕೂರುವ ಕೋಣೆ, ಆಮೇಲೆ ಮಲಗುವ ಕೋಣೆ, ಕೊನೆಗೆ ಒಂದು ಪುಟ್ಟ ಖಾಸಗಿ ಕೋಣೆ. ಯಾರನ್ನು ಎಲ್ಲಿಯವರೆಗೆ ಬಿಟ್ಟರು ಅನ್ನುವುದರಲ್ಲೇ ಅವರ ಸ್ಥಾನ ತಿಳಿಯುತ್ತಿತ್ತು.

ಅಡುಗೆಮನೆ ದೂರ ಇಟ್ಟದ್ದು ಬೆಂಕಿ, ಹೊಗೆ, ವಾಸನೆಯ ಭಯಕ್ಕೆ. ಊಟದ ಕೋಣೆಗೆ ರೇಷ್ಮೆ ಬಟ್ಟೆಯ ಗೋಡೆ ಬೇಡ, ಬಟ್ಟೆ ಊಟದ ವಾಸನೆ ಹಿಡಿದಿಡುತ್ತದೆ ಅನ್ನುವುದು ಆಡಮ್‌ನ ಅಭಿಪ್ರಾಯ. ನೀವು ನೋಡಿದ ಊಟದ ಕೋಣೆಯ ಗೋಡೆಗಳನ್ನು ನೆನಪಿಸಿಕೊಳ್ಳಿ: ಗಾರೆಯ ಅಲಂಕಾರ, ಅದರೊಳಗೇ ಕೂರಿಸಿದ ಚಿತ್ರಗಳು. ಕೂರುವ ಕೋಣೆಗಾದರೆ ನೀಲಿ ರೇಷ್ಮೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು. ಇಂಥ ಮನೆಗಳ ಬದುಕನ್ನು ಅಮೃತಶಿಲೆಗಿಂತ ಜಾಸ್ತಿ ಬದಲಿಸಿದ್ದು ತಂತಿಯ ಗಂಟೆ. ಅದಕ್ಕೆ ಮುಂಚೆ ಕರೆದರೆ ಕೇಳುವಷ್ಟು ಹತ್ತಿರ ಒಬ್ಬ ಆಳು ಸದಾ ಇರಬೇಕಿತ್ತು. ಎಷ್ಟೋ ಜನ ಒಡೆಯನ ಬಾಗಿಲ ಬಳಿಯೇ ಮಲಗುತ್ತಿದ್ದರು. 18ನೇ ಶತಮಾನದ ಕೊನೆಯ ಹೊತ್ತಿಗೆ ಗೋಡೆಯೊಳಗೆ ತಂತಿ ಎಳೆದು ದೂರದ ಗಂಟೆ ಬಾರಿಸುವುದು ಹರಡಿತು. ಒಡೆಯರಿಗೆ ಏಕಾಂತ ಸಿಕ್ಕಿತು. ಆಳುಗಳು ಕಣ್ಣಿಗೇ ಬೀಳದ ಹಾಗಾದರು. ಪೆಟ್‌ವರ್ತ್ ಅನ್ನುವ ಇಂಥದೇ ದೊಡ್ಡ ಮನೆಯಲ್ಲಂತೂ ಕೆಲಸದವರ ಕಟ್ಟಡದಿಂದ ಮನೆಗೆ ನೆಲದಡಿ ಸುರಂಗವೇ ಇದೆ. ಮುಂದಿನ ಸಲ ಹೋದಾಗ ಹಿಂದಿನ ಮೆಟ್ಟಿಲು, ಗಂಟೆಗಳ ಸಾಲು ಎಲ್ಲಿವೆ ಅಂತ ಕೇಳಿ ನೋಡಿ. ಮನೆ ನಡೆದದ್ದು ಅಲ್ಲಿಂದ.

ಕಲ್ಕತ್ತೆಯ ವಿಷಯದಲ್ಲೂ ನಿಮ್ಮ ಕಣ್ಣು ಚುರುಕಾಗಿದೆ. ಶ್ರೀರಂಗಪಟ್ಟಣ ಬಿದ್ದ 1799ರಲ್ಲೇ ಗವರ್ನರ್ ಜನರಲ್ ವೆಲ್ಲೆಸ್ಲಿ ಆ ಭವನವನ್ನು ಕೆಡ್ಲ್‌ಸ್ಟನ್ ಮಾದರಿಯಲ್ಲಿ ಕಟ್ಟಿಸಲು ಶುರು ಮಾಡಿದ. 1803ಕ್ಕೆ ಮುಗಿಯಿತು. ಕೆಡ್ಲ್‌ಸ್ಟನ್‌ಗೆ ನಾಲ್ಕು ಪಕ್ಕದ ಕಟ್ಟಡಗಳ ಯೋಜನೆ ಇತ್ತು, ಎದ್ದದ್ದು ಎರಡೇ. ನಾಲ್ಕೂ ನಿಂತದ್ದು ಕಲ್ಕತ್ತೆಯಲ್ಲಿ. 1899ರಲ್ಲಿ ವೈಸರಾಯ್ ಆಗಿ ಅಲ್ಲಿಗೆ ಬಂದ ಲಾರ್ಡ್ ಕರ್ಜನ್ ಹುಟ್ಟಿದ್ದು ನೀವು ನೋಡಿ ಬಂದ ಮನೆಯಲ್ಲೇ.