ಪ್ರತಿಕ್ರಿಯೆ: ಹೊಸ ಸರ್ವರ್‌ನಲ್ಲಿ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ

ಸೆಂಟ್‌ಒಎಸ್ 7 (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಇದ್ದ ಹಳೆಯ ಸರ್ವರ್‌ನಿಂದ ಉಬುಂಟು ಇರುವ ಹೊಸದಕ್ಕೆ ವರ್ಡ್‌ಪ್ರೆಸ್ ಸೈಟ್ ಸಾಗಿಸಿದ ಮೇಲೆ ಕನ್ನಡವೆಲ್ಲ '????' ಆಗಿದೆ, ಹಳೆಯ ಸರ್ವರ್ ತೆಗೆದುಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ತೆಗೀಬೇಡಿ! ಸೆಂಟ್‌ಒಎಸ್ 7ಕ್ಕೆ 2024ರ ಜೂನ್‌ನಲ್ಲೇ ಬೆಂಬಲ ನಿಂತಿದೆ, ನಿಜ. ಆದರೂ ಅಲ್ಲಿನ ಮೂಲ ಡೇಟಾ ಮತ್ತೆ ಬೇಕಾಗಬಹುದು, ಇನ್ನೊಂದು ವಾರ ಇರಲಿ.

ಮೊದಲು ಹೊಸ ಡೇಟಾಬೇಸ್‌ನಲ್ಲಿ ಒಂದು ಶೀರ್ಷಿಕೆಯನ್ನು ಹೆಕ್ಸ್ ಫಂಕ್ಷನ್ ಹಾಕಿ ನೋಡಿ, ಒಳಗೆ ನಿಜವಾಗಿ ಯಾವ ಬೈಟ್‌ಗಳಿವೆ ಅಂತ ಅದು ತೋರಿಸುತ್ತೆ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಕನ್ನಡದ ಪ್ರತಿ ಅಕ್ಷರಚಿಹ್ನೆಗೂ ಮೂರು ಬೈಟ್. 'ಕ' ಅಂದರೆ ಇ0 ಬಿ2 95. ಹಾಗೆ ಕಂಡರೆ ಡೇಟಾ ಕ್ಷೇಮ, ತಕರಾರು ವರ್ಡ್‌ಪ್ರೆಸ್‌ಗೂ ಡೇಟಾಬೇಸ್‌ಗೂ ನಡುವಿನ ಕನೆಕ್ಷನ್‌ನದ್ದು. ವರ್ಡ್‌ಪ್ರೆಸ್‌ನ ಕಾನ್ಫಿಗ್ ಫೈಲಿನಲ್ಲಿ ಡಿಬಿ ಕ್ಯಾರೆಕ್ಟರ್ ಸೆಟ್ಟನ್ನು ಯುಟಿಎಫ್8ಎಂಬಿ4 (ಡೇಟಾಬೇಸ್‌ನಲ್ಲಿ ಪೂರ್ಣ ಯುಟಿಎಫ್-8ಕ್ಕೆ ಇರುವ ಹೆಸರು) ಮಾಡಿ.

ಬರೀ 3ಎಫ್ 3ಎಫ್ 3ಎಫ್ ಬಂದರೆ ಅಲ್ಲಿ ನಿಜಕ್ಕೂ ಪ್ರಶ್ನಾರ್ಥಕ ಚಿಹ್ನೆಯೇ ಕೂತಿದೆ. ಆ ಪ್ರತಿಯಿಂದ ಏನೂ ವಾಪಸ್ ಬರಲ್ಲ, ಸುಮ್ನೆ ಹೆಣಗಬೇಡಿ. ಹಳೆಯ ಸರ್ವರ್‌ನಿಂದ ಮತ್ತೆ ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು) ತೆಗೀರಿ. ಡಂಪ್ ತೆಗೆಯುವಾಗಲೂ ತುಂಬುವಾಗಲೂ ಡೀಫಾಲ್ಟ್ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಅಂತ ಕೊಡಿ. ನಾನು ತುಂಬುವಾಗ ಮರೆತು ಒಂದು ರಾತ್ರಿ ಇಡೀ ಕೂತಿದ್ದೆ.

ಹಳೇ ಟೇಬಲ್‌ಗಳು ಲ್ಯಾಟಿನ್1 (ಕನ್ನಡಕ್ಕೆ ಜಾಗವಿಲ್ಲದ ಹಳೇ ಕ್ಯಾರೆಕ್ಟರ್ ಸೆಟ್) ಅಂತ ಇದ್ದರೆ ಮಾತ್ರ ದಾರಿ ಬೇರೆ. ಟೇಬಲ್‌ನ ರಚನೆ ತೋರಿಸುವ ಶೋ ಕ್ರಿಯೇಟ್ ಟೇಬಲ್ ಕಮಾಂಡ್ ಕೊಟ್ಟು ಬಂದದ್ದನ್ನು ಇಲ್ಲಿ ಹಾಕಿ, ನೋಡೋಣ.