ಕಥೆಗೆ ಹೂಂಗುಟ್ಟುವ ಕಂಪ್ಯೂಟರ್

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಮಂಡ್ಯದ ಹತ್ತಿರದ ಹಳ್ಳಿಯಲ್ಲಿದ್ದೇನೆ. ದಾವಣಗೆರೆಯ ಮೊಮ್ಮಕ್ಕಳಿಗೆ ಕಥೆ ಓದಿ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆ. ರೈಜನ್ 5 5600 ಪ್ರೊಸೆಸರ್, ಅದರ ಡಬ್ಬಿಯಲ್ಲೇ ಬಂದ ಕೂಲರ್. ಎರಡು ವರ್ಷ ಸರಿಯಿತ್ತು. ಈಗ ನನ್ನ ದನಿಗಿಂತ ಫ್ಯಾನಿನ ದನಿಯೇ ಜೋರು. ಅಂಗಡಿಯವರು ವಾಟರ್ ಕೂಲಿಂಗ್ ಹಾಕಿಸಿ ಅನ್ನುತ್ತಾರೆ. ಹಾಕಿಸಲೇ? ಕೂಲರನ್ನು ನಾನೇ ಬದಲಿಸಬಹುದೇ?

ಉತ್ತರ: ವಾಟರ್ ಕೂಲಿಂಗ್ ಬೇಡ ಮೇಷ್ಟ್ರೇ. ನಿಮ್ಮದು 65 ವಾಟಿನ ಪ್ರೊಸೆಸರ್. ಒಂದು ಲೋಟ ಕಾಫಿಗೆ ಹಂಡೆ ನೀರು ಕಾಯಿಸಿದ ಹಾಗಾಗುತ್ತದೆ. ವಾಟರ್ ಕೂಲಿಂಗಿನಲ್ಲೂ ಫ್ಯಾನ್ ಇರುತ್ತದೆ, ಜೊತೆಗೆ ನೀರು ಓಡಿಸುವ ಪಂಪ್ ಬೇರೆ. ನಿಶ್ಶಬ್ದವಾದ ಕೋಣೆಯಲ್ಲಿ ಆ ಪಂಪಿನ ಗುಂಯ್‌ಗುಡುವಿಕೆಯೂ ಮೈಕಿಗೆ ಕೇಳಿಸೀತು.

ಎರಡು ವರ್ಷ ಸರಿಯಿತ್ತು ಅಂದಿರಲ್ಲ, ನನ್ನ ಅನುಮಾನ ಅಲ್ಲೇ. ಹತ್ತಿರದಲ್ಲಿ ಆಲೆಮನೆ ಇದೆಯಾ? ಮಂಡ್ಯ ಕಡೆಯಿಂದ ನನ್ನ ಟೇಬಲ್ಲಿಗೆ ಬರುವ ಕಂಪ್ಯೂಟರುಗಳಲ್ಲಿ ಕಬ್ಬಿನ ಸಿಪ್ಪೆ ಉರಿದ ಬೂದಿ, ಮನೆಯ ಧೂಳು ಸೇರಿ ಕೂಲರಿನ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಕಂಬಳಿಯ ಹಾಗೆ ಕೂತಿರುತ್ತದೆ. ಗಾಳಿ ನುಗ್ಗುವುದಿಲ್ಲ, ಚಿಪ್ ಬಿಸಿಯಾಗುತ್ತದೆ, ಫ್ಯಾನ್ ಪೂರ್ತಿ ವೇಗದಲ್ಲಿ ಓಡುತ್ತದೆ. ಪ್ಲಗ್ ಕಿತ್ತು, ಪೇಂಟ್ ಬ್ರಷ್ಷಿನಿಂದ ಕೊಡವಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ತಿರುಗಲು ಬಿಡಬೇಡಿ.

ಆಮೇಲೆ ಬಯೋಸ್‌ಗೆ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟಕ್ಕೆ ಹೋಗಿ ಫ್ಯಾನಿನ ವೇಗ ನೋಡಿ. ಫೈಲ್ ತೆರೆದ ಕ್ಷಣ ರೈಜನ್ ಚಿಪ್ಪಿನ ಬಿಸಿ ತಟ್ಟನೆ ಹತ್ತಾರು ಡಿಗ್ರಿ ಏರಿ ಮತ್ತೆ ಇಳಿಯುತ್ತದೆ. ಫ್ಯಾನ್ ಅದಕ್ಕೆಲ್ಲ ಬೆಚ್ಚಿಬಿದ್ದು ವುಶ್ ಅನ್ನುತ್ತದೆ. 60 ಡಿಗ್ರಿವರೆಗೆ ನಿಧಾನವಾಗಿಯೇ ತಿರುಗಲಿ ಅಂತ ಹೊಂದಿಸಿ. ಈ ಚಿಪ್ಪಿಗೆ ಅದನ್ನು ತಯಾರಿಸುವ ಎಎಂಡಿ ಕಂಪನಿ ಕೊಟ್ಟಿರುವ ಮಿತಿ 90 ಡಿಗ್ರಿ, ಹಾಗಾಗಿ ಹೆದರಿಕೆ ಬೇಡ. ಅರ್ಧ ಜನರ ರಗಳೆ ಇಷ್ಟಕ್ಕೇ ಮುಗಿಯುತ್ತದೆ. ದುಡ್ಡೂ ಖರ್ಚಾಗುವುದಿಲ್ಲ.

ನಿಮಗೆ ರೆಕಾರ್ಡಿಂಗ್ ಇರುವುದರಿಂದ ಹೊಸ ಕೂಲರ್ ದಂಡವೇನಲ್ಲ. ಚಿಕ್ಕ ಫ್ಯಾನ್ ಅಷ್ಟೇ ಗಾಳಿ ತಳ್ಳಲು ಜೋರಾಗಿ ಓಡಬೇಕು, ದೊಡ್ಡದು ನಿಧಾನವಾಗಿ ತಿರುಗಿದರೂ ಸಾಕು. ಅದೇ ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 120 ಮಿಲಿಮೀಟರ್ ಫ್ಯಾನಿನ, ಗೋಪುರದ ಹಾಗೆ ಎತ್ತರವಾಗಿ ನಿಲ್ಲುವ ಒಂದು ಟವರ್ ಕೂಲರ್ ಸಾಕು. ಡೀಪ್‌ಕೂಲ್ ಎಕೆ400 ಅಂಥದ್ದೇ, ಎತ್ತರ 155 ಮಿಲಿಮೀಟರ್. ಆಸ್ಟ್ರಿಯಾದ ನಾಕ್ಟುವಾ ಇನ್ನೂ ಮೆತ್ತಗೆ, ಆದರೆ ಬೆಲೆ ಎರಡು ಪಟ್ಟಿಗೂ ಜಾಸ್ತಿ. ನಾನಾದರೆ ಆ ದುಡ್ಡಿಗೆ ಒಳ್ಳೆಯ ಮೈಕ್ ತಗೋತೀನಿ. ಕೊಳ್ಳುವ ಮೊದಲು ಸ್ಕೇಲ್ ಹಿಡಿದು, ಮದರ್‌ಬೋರ್ಡಿನ ಮೇಲೆ ಕೂತಿರುವ ಪ್ರೊಸೆಸರಿನ ಮೇಲ್ಮೈ ಮಟ್ಟದಿಂದ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲವರೆಗೆ ಅಳೆಯಿರಿ. ಕೂಲರ್ ಕೂರಿಸಿದ ಮೇಲೆ ಬಾಗಿಲು ಮುಚ್ಚದೆ, ಹಾಗೇ ತೆರೆದಿಟ್ಟು ಬಳಸುತ್ತಿರುವ ಮನೆಗಳನ್ನು ಮೈಸೂರಲ್ಲಿ ಬೇಕಾದಷ್ಟು ನೋಡಿದ್ದೇನೆ!

ಈಗ ಬಿಚ್ಚುವ ವಿಷಯ. ಇಲ್ಲಿ ನಾನೇ ಒಮ್ಮೆ ಕೆಟ್ಟಿದ್ದೇನೆ. ಸರಸ್ವತಿಪುರಂನ ಒಬ್ಬರ ಮನೆಯಲ್ಲಿ, ರಾತ್ರಿಯೆಲ್ಲ ಆಫ್ ಆಗಿದ್ದ ಕಂಪ್ಯೂಟರಿನ ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದೆ. ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸಲು ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಅಂಟಿನಂತೆ ಹಿಡಿದುಕೊಂಡಿತ್ತು. ಕೂಲರ್ ಜೊತೆ ಪ್ರೊಸೆಸರೂ ತಾನು ಕೂರುವ ಗೂಡಾದ ಸಾಕೆಟ್ಟಿನಿಂದ ಕಿತ್ತು ಬಂತು, ಅದರ ಕೆಳಗಿನ ಎರಡು ಪಿನ್ ಬಾಗಿದ್ದವು. ಲೆಡ್ ತೆಗೆದ ಪೆನ್ ಪೆನ್ಸಿಲ್ಲಿನ ಮೂತಿಯಲ್ಲಿ ಒಂದೊಂದೇ ಪಿನ್ ನೆಟ್ಟಗೆ ಮಾಡುವಷ್ಟರಲ್ಲಿ ಮೂರು ಸಲ ಕಾಫಿ ಬಂತು, ಒಂದನ್ನೂ ಕುಡಿಯಲಿಲ್ಲ. ನಿಮ್ಮದೂ ಅದೇ ಎಎಂ4 ಸಾಕೆಟ್. ಆದ್ದರಿಂದ ಹತ್ತು ನಿಮಿಷ ಏನಾದರೂ ಭಾರೀ ಕೆಲಸ ಕೊಟ್ಟು ಚಿಪ್ ಬೆಚ್ಚಗಾಗಲಿ. ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಡಬ್ಬಿಯ ಮುಚ್ಚಳ ತಿರುಗಿಸಿದಂತೆ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಸಡಿಲ ಮಾಡಿ. ಆಮೇಲೆ ಎತ್ತಿ.

ಇನ್ನೊಂದು. ನಿಮ್ಮ ಕೂಲರಿನ ನಾಲ್ಕು ಸ್ಕ್ರೂಗಳೇ ಬೋರ್ಡಿನ ಹಿಂದಿನ ಲೋಹದ ಪ್ಲೇಟನ್ನೂ ಹಿಡಿದಿರುತ್ತವೆ. ಸ್ಕ್ರೂ ಬಿಚ್ಚಿದರೆ ಅದು ಹಿಂದೆ ಬಿದ್ದುಹೋಗುತ್ತದೆ. ಹೊಸ ಕೂಲರಿಗೂ ಸಾಮಾನ್ಯವಾಗಿ ಅದೇ ಪ್ಲೇಟ್ ಬೇಕು, ಎಸೆಯಬೇಡಿ.

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಹೊಸದು ಚಿಪ್ಪಿನ ನಡುವೆ ತೊಗರಿಕಾಳಿನಷ್ಟು ಸಾಕು, ದೋಸೆಗೆ ತುಪ್ಪ ಸವರಿದಂತೆ ಬೇಡ. ಕೂಲರಿನ ತಳಕ್ಕೇ ಪೇಸ್ಟ್ ಹಚ್ಚಿ ಬಂದಿದ್ದರೆ ಮತ್ತೆ ಹಾಕಬೇಡಿ. ತಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇದ್ದರೆ ಕೀಳಿ, ಅದನ್ನು ಮರೆಯುವವರೇ ಜಾಸ್ತಿ. ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯಬೇಡಿ. ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು, ಹೀಗೆ ಸಮನಾಗಿ ಕೂರಿಸಿ. ಫ್ಯಾನಿನ ಗಾಳಿ ಕ್ಯಾಬಿನೆಟ್ಟಿನ ಹಿಂಭಾಗದ ಕಡೆ ಹೋಗಬೇಕು. ವೈರನ್ನು ಬೋರ್ಡಿನ ಮೇಲೆ ಸಿಪಿಯು ಫ್ಯಾನ್ ಎಂದು ಬರೆದಿರುವ ನಾಲ್ಕು ಪಿನ್ನಿನ ಜಾಗಕ್ಕೇ ಸಿಕ್ಕಿಸಿ.

ಇಷ್ಟಾದ ಮೇಲೂ ರೆಕಾರ್ಡಿಂಗಿನಲ್ಲಿ ಗುಂಯ್ ಅಂತ ಕೇಳಿಸಿದರೆ, ಫೋನ್ ಮಾಡುವ ಮೊದಲು ತಲೆ ಎತ್ತಿ ಸೀಲಿಂಗ್ ಫ್ಯಾನ್ ನೋಡಿ ಮೇಷ್ಟ್ರೇ.